ಮುಂದೋಗಣ್ಣನ ಕೈಗೆ ಸಿಕ್ಕ ಜುಟ್ಟುಗಳು

ನಮ್ಮ ಬಸ್ ಡಿಪೋದಲ್ಲಿ ಅವರ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಬಾಯಲ್ಲಿ ಎಲ್ಲರಿಗೂ ಅವರು ಮುಂದೋಗಣ್ಣ. ಹತ್ತೊಂಬತ್ತು ವರ್ಷ ಕಂಡಕ್ಟರಾಗಿ ಬಸ್ಸಿನ ಹಿಂಬಾಗಿಲಲ್ಲಿ ನಿಂತು, “ಮುಂದೋಗಿ, ಸ್ವಲ್ಪ ಮುಂದೋಗಿ, ಮುಂದೆ ಖಾಲಿ ಇದೆ” ಎಂದು ಜನರನ್ನು ಬೇಡಿಕೊಂಡವರು. ಆ ಹತ್ತೊಂಬತ್ತು ವರ್ಷದಲ್ಲಿ ಯಾರೂ ಮುಂದೆ ಹೋಗಲಿಲ್ಲ. ದನಿ ತೆಳುವಾಗಿತ್ತು, ಎಂಜಿನ್ನಿನ ಸದ್ದಿನ ಎದುರು ಅದು ಸೊಳ್ಳೆಯ ಹಾಡು. ಕೊನೆಗೆ ಅವರೇ ಜನರ ಕಂಕುಳಡಿ ನುಸುಳಿ ಟಿಕೆಟ್ ಹರಿದುಕೊಟ್ಟು ಬರುತ್ತಿದ್ದರು.

ಮನೆಯಲ್ಲೂ ಅಷ್ಟೆ. ಹೆಂಡತಿ, ಹೆಂಡತಿಯ ತಾಯಿ, ನರ್ಸಿಂಗ್ ಓದುವ ಮಗಳು. ಮೂವರೂ ಒಳ್ಳೆಯವರು, ಮೂವರಿಗೂ ಗಟ್ಟಿ ದನಿ. ಒಮ್ಮೆ ಮನೆಗೆ ಬಣ್ಣ ಹೊಡೆಸಿದಾಗ ಇವರನ್ನು ಕೇಳಿದ್ದು ಏಣಿ ಹಿಡಿದುಕೊಳ್ಳುತ್ತೀರಾ ಅಂತ ಮಾತ್ರ. ಹಿಡಿದುಕೊಂಡಿದ್ದರು.

ನಾನು ಡಿಪೋದ ಟೈರ್ ಸ್ಟೋರಿನವನು. ನನ್ನ ಕೋಣೆಗೂ ಡ್ಯೂಟಿ ಗುಮಾಸ್ತರ ಕೋಣೆಗೂ ನಡುವೆ ಹಲಗೆಯ ಗೋಡೆ, ಆ ಹಲಗೆಯಲ್ಲಿ ಕಣ್ಣಿನ ಎತ್ತರಕ್ಕೆ ಒಂದು ತೂತು. ಆ ತೂತನ್ನು ಕೊರೆದದ್ದು ನಾನಲ್ಲ. ಆದರೆ ಮುಚ್ಚಲೂ ಇಲ್ಲ. ಹಾಗಾಗಿ ಮುಂದಿನದ್ದರಲ್ಲಿ ಹೆಚ್ಚಿನದು ನಾನೇ ಕಂಡದ್ದು. ಉಳಿದದ್ದು ಅವರ ಬಾಯಿಂದಲೇ ಕೇಳಿದ್ದು.

ಒಂದು ದಿನ ಮೆಟ್ಟಿಲಿನ ರಬ್ಬರು ಸವೆದಿದ್ದ ಬಸ್ಸಿನಿಂದ ಇಳಿಯುವಾಗ ಅವರ ಕಾಲು ಜಾರಿತು. ಮಂಡಿಯೊಳಗೆ ದಾರ ಹರಿದ ಹಾಗೆ ಏನೋ ಹರಿಯಿತು. ಆಪರೇಷನ್ ಆಯಿತು. ಇನ್ನು ನಿಂತು ಮಾಡುವ ಕೆಲಸ ಬೇಡ ಎಂದು ಡಾಕ್ಟರು ಬರೆದುಕೊಟ್ಟರು. ಅದೇ ತಿಂಗಳು ಹಳೆಯ ಡ್ಯೂಟಿ ಗುಮಾಸ್ತರು ನಿವೃತ್ತರಾಗಿದ್ದರು. ಮ್ಯಾನೇಜರಿಗೆ ಆ ಕುರ್ಚಿಗೆ ಒಬ್ಬರು ಬೇಕಿತ್ತು. ಇವರಿಗೆ ಒಂದು ಕುರ್ಚಿ ಬೇಕಿತ್ತು. ಅದಕ್ಕಿಂತ ಹೆಚ್ಚಿನ ಯೋಚನೆ ಯಾರೂ ಮಾಡಲಿಲ್ಲ.

ಡ್ಯೂಟಿ ಗುಮಾಸ್ತರ ಕೆಲಸ ಹೇಳುವುದಕ್ಕೆ ಸಣ್ಣದು. ನೂರಾ ನಲವತ್ತು ಡ್ರೈವರು ಕಂಡಕ್ಟರುಗಳಲ್ಲಿ ನಾಳೆ ಯಾರಿಗೆ ಯಾವ ಬಸ್ಸು, ಎಷ್ಟು ಗಂಟೆಗೆ, ಯಾರಿಗೆ ಯಾವತ್ತು ವಾರದ ರಜೆ ಎಂದು ಪಟ್ಟಿ ಬರೆದು ಸಂಜೆ ನಾಲ್ಕಕ್ಕೆ ಕಿಟಕಿಯ ಪಕ್ಕ ಅಂಟಿಸಬೇಕು. ಆದರೆ ಅಷ್ಟೂ ಜನರ ಬಾಳು ಆ ಹಾಳೆಯ ಮೇಲೆ ನಿಂತಿರುತ್ತದೆ. ಆಸ್ಪತ್ರೆ ರೂಟು ಸಿಕ್ಕವನು ಮಧ್ಯಾಹ್ನ ಎರಡಕ್ಕೆ ಮನೆ ಸೇರುತ್ತಾನೆ. ಒಡೆದ ಡ್ಯೂಟಿ ಸಿಕ್ಕವನು ಬೆಳಿಗ್ಗೆ ಅರ್ಧ, ಸಂಜೆ ಅರ್ಧ ದುಡಿದು, ನಡುವೆ ಡಿಪೋದ ಬೆಂಚಿನ ಮೇಲೆ ಬೇಯುತ್ತಾನೆ. ಎಲ್ಲಕ್ಕಿಂತ ಕೆಳಗಿನದು ಕ್ವಾರಿ ರೂಟು. ಊರಾಚೆ ಜಲ್ಲಿ ಒಡೆಯುವ ಕ್ವಾರಿಯವರೆಗೆ ಹೋಗಿ ಬರಬೇಕು. ದಾರಿಯುದ್ದಕ್ಕೂ ಲಾರಿಗಳ ಹಿಂದೆ ಹೋಗುವುದರಿಂದ ಸಂಜೆ ಹೊತ್ತಿಗೆ ಹುಬ್ಬೂ ಬೆಳ್ಳಗಾಗಿರುತ್ತದೆ.

ಮೊದಲ ವಾರವೇ ಮೀಸೆ ಡ್ರೈವರ್ ಕಿಟಕಿಗೆ ಬಂದ.

“ಅಣ್ಣಾ, ಕಾಲು ಹೇಗಿದೆ?”

ಹದಿನೈದು ವರ್ಷ ಒಟ್ಟಿಗೆ ದುಡಿದಿದ್ದರೂ ಮೀಸೆ ಅದುವರೆಗೆ ಇವರ ಯಾವ ಅಂಗವನ್ನೂ ವಿಚಾರಿಸಿದವನಲ್ಲ. ಮುಂದೋಗಣ್ಣ ಗಾಬರಿಯಾದರು.

“ಪರವಾಗಿಲ್ಲ.”

“ಹುಷಾರಾಗಿರ್ಬೇಕು ನೀವು. ಅಂದ ಹಾಗೆ, ಭಾನುವಾರ ನಮ್ಮಕ್ಕನ ಮಗಳನ್ನ ನೋಡೋಕೆ ಗಂಡಿನ ಕಡೆಯವರು ಬರ್ತಾರೆ. ರಜೆ ಸಿಕ್ಕಿದ್ರೆ…”

ಏನು ಹೇಳಬೇಕೆಂದು ತಿಳಿಯದೆ ಮುಂದೋಗಣ್ಣ ಕನ್ನಡಕ ತೆಗೆದು ಒರೆಸಿಕೊಂಡರು. ರಿಜಿಸ್ಟರಿನ ಕಡೆ ನೋಡಿ “ನೋಡೋಣ” ಎಂದರು. ಅವರು ನಿಜವಾಗಿಯೂ ನೋಡುವ ಉದ್ದೇಶದಿಂದಲೇ ಹೇಳಿದ್ದು. ಆದರೆ ಮೀಸೆಗೆ ಅದು ಬೆದರಿಕೆಯಂತೆ ಕೇಳಿಸಿತು. ಅವನ ಮೀಸೆ ಸ್ವಲ್ಪ ಇಳಿಯಿತು. ಮಾರನೆಯ ದಿನ ಒಂದು ಚಿಪ್ಪು ಬಾಳೆಹಣ್ಣು ಬಂತು.

ಮುಂದೋಗಣ್ಣ ಆ ಹಣ್ಣನ್ನು ಮುಟ್ಟದೆ ಬಹಳ ಹೊತ್ತು ನೋಡುತ್ತ ಕುಳಿತಿದ್ದರು. ಆಮೇಲೆ ಒಂದು ಪರೀಕ್ಷೆ ಮಾಡಿದರು. ಅವರ ಹತ್ತಿರ ಒಂದು ತಮಾಷೆ ಇತ್ತು. ಈ ಬಸ್ಸು ಎಲ್ಲಿಗೆ ಹೋಗುತ್ತೆ ಅಂತ ಒಬ್ಬ ಕೇಳಿದನಂತೆ. ಎಲ್ಲಿಗೂ ಇಲ್ಲ, ಕೆಟ್ಟು ನಿಂತಿದೆ ಅಂತ ಕಂಡಕ್ಟರ್ ಹೇಳಿದನಂತೆ. ಹತ್ತೊಂಬತ್ತು ವರ್ಷದಲ್ಲಿ ಯಾರೂ ಇದಕ್ಕೆ ನಕ್ಕಿರಲಿಲ್ಲ. ಆ ದಿನ ಕಿಟಕಿಗೆ ಬಂದ ಹನ್ನೊಂದು ಜನರಿಗೆ ಹೇಳಿದರು. ಹನ್ನೊಂದು ಜನರೂ ನಕ್ಕರು. ಮಾರನೆಯ ದಿನ ಅದೇ ಹನ್ನೊಂದು ಜನರಿಗೆ ಮತ್ತೆ ಹೇಳಿದರು. ಮೊದಲ ದಿನಕ್ಕಿಂತ ಜೋರಾಗಿ ನಕ್ಕರು. ನಾನೂ ನಕ್ಕೆ. ನನ್ನ ಭಾವಮೈದುನ ಅದೇ ಡಿಪೋದಲ್ಲಿ ಡ್ರೈವರು.

ಹೀಗೆ ಇಡೀ ಡಿಪೋದ ಜುಟ್ಟು ಒಂದೊಂದಾಗಿ ಅವರ ಕೈಗೆ ಬಂತು. ಲಂಚ ಗಿಂಚ ಅವರು ಮುಟ್ಟಿದವರಲ್ಲ. ಬಾಳೆಹಣ್ಣನ್ನೂ ಮೆಕ್ಯಾನಿಕ್ಕುಗಳಿಗೆ ಹಂಚುತ್ತಿದ್ದರು. ಅವರಿಗೆ ಬೇಕಾಗಿದ್ದು ಕಿವಿಗಳು. ಮಂಡಿ ಆಪರೇಷನ್ನಿನ ಕಥೆಯನ್ನು ಮುಕ್ಕಾಲು ಗಂಟೆ ಹೇಳುತ್ತಿದ್ದರು, ಅರಿವಳಿಕೆ ಕೊಡುವ ಮುಂಚಿನ ಭಾಗವೇ ಇಪ್ಪತ್ತು ನಿಮಿಷ. ಭಾನುವಾರದ ರಜೆ ಬೇಕಾದವರು ಪೂರ್ತಿ ಕೇಳಿ, “ಆಮೇಲೆ ಏನಾಯ್ತಣ್ಣ?” ಎನ್ನಬೇಕಿತ್ತು. ಕ್ಯಾಂಟೀನಿನ ರೇಡಿಯೋ ಅವರು ಹೇಳಿದಷ್ಟೇ ಸದ್ದು ಮಾಡುತ್ತಿತ್ತು. ಬೇವಿನ ಮರದ ಕೆಳಗಿದ್ದ ಬೆಂಚು ಅವರ ಕಿಟಕಿಯೆದುರಿಗೆ ಬಂತು. ಯೂನಿಯನ್ನಿನ ಕಾರ್ಯದರ್ಶಿ ಮೈಕಿನ ಮುಂದೆ ಗುಡುಗುವವನು. ಆದರೆ ಅವನಿಗೂ ಆಸ್ಪತ್ರೆ ರೂಟು ಬೇಕಿತ್ತು. ಹಾಗಾಗಿ ಕಿಟಕಿಯ ಹತ್ತಿರ ಬಂದಾಗ ಅವನ ದನಿ ಮುಂದೋಗಣ್ಣನ ದನಿಗಿಂತ ತೆಳುವಾಗುತ್ತಿತ್ತು. ಕೊನೆಗೆ ಮ್ಯಾನೇಜರೇ ಮೀಟಿಂಗು ಕರೆಯುವ ಮುಂಚೆ, “ಜನ ಏನಂತಾರೆ?” ಎಂದು ಇವರನ್ನು ಕೇಳತೊಡಗಿದರು.

ಒಬ್ಬನ ಮೇಲೆ ಮಾತ್ರ ಅವರಿಗೆ ಮನಸ್ಸಿನೊಳಗೆ ಮುಳ್ಳಿತ್ತು. ಡಿಪೋದ ವಾರ್ಷಿಕೋತ್ಸವದಲ್ಲಿ ಅವರ “ಮುಂದೋಗಿ”ಯನ್ನು ವೇದಿಕೆಯ ಮೇಲೆ ಅನುಕರಿಸಿ ಎಲ್ಲರನ್ನೂ ನಗಿಸಿದ್ದ ಒಬ್ಬ ಡ್ರೈವರು. ಮಿಮಿಕ್ರಿ ಎಂದು ಕರೆಯುತ್ತಿದ್ದರು ಅವನನ್ನು. ಅವನಿಗೆ ಕ್ವಾರಿ ರೂಟು ಬಿತ್ತು. ಮುಂದಿನ ವಾರವೂ ಬಿತ್ತು. ಐದು ತಿಂಗಳಾದರೂ ಬೀಳುತ್ತಲೇ ಇತ್ತು.

“ಅವನ ಮೇಲೆ ಕೋಪಾನಾ?” ಎಂದು ನಾನು ಕೇಳಿದೆ.

“ಛೆ, ಕೋಪ ಯಾಕೆ? ಯಾರಾದ್ರೂ ಹೋಗ್ಬೇಕಲ್ಲ,” ಎಂದರು.

ಮನೆಯಲ್ಲೂ ಒಮ್ಮೆ ಪ್ರಯತ್ನಿಸಿದರಂತೆ. ಹೊಸ ಮಂಚ ತೆಗೆದುಕೊಳ್ಳುವ ಮಾತು ನಡೆಯುವಾಗ ಕನ್ನಡಕ ತೆಗೆದು, ಒರೆಸಿ, “ನೋಡೋಣ” ಎಂದರು.

“ಕನ್ನಡಕ ಹಾಕ್ಕೊಂಡು ನೋಡಿ ಅಳಿಯಂದ್ರೇ,” ಎಂದರು ಅತ್ತೆ. “ಮಂಚ ಆಗ್ಲೇ ಬಂದು ಒಳಗಿದೆ.”

ಮನೆಯ ಮಾತು ಹಾಗಿರಲಿ ಎಂದು ಅವರು ಡಿಪೋಗೆ ಇನ್ನೂ ಬೇಗ ಬರತೊಡಗಿದರು.

ಆಗ ಬೇರೆ ಡಿಪೋದಿಂದ ವರ್ಗವಾಗಿ ಒಬ್ಬ ಕಂಡಕ್ಟರ್ ಹೆಂಗಸು ಬಂದರು. ನಲವತ್ತು ದಾಟಿದವರು, ಗಟ್ಟಿ ಜಡೆ, ಹೆಗಲಿಗೆ ಊಟದ ಡಬ್ಬಿಯ ಚೀಲ. ಹೊಸದಾಗಿ ಬಂದವರು ಮೊದಲು ಡ್ಯೂಟಿ ಕಿಟಕಿಗೆ ಬಂದು ತಮ್ಮ ಕಷ್ಟ ಹೇಳಿಕೊಳ್ಳುವುದು ರೂಢಿ. ಅವರು ಬರಲಿಲ್ಲ. ಪಟ್ಟಿ ನೋಡಿ, ಹಾಜರಿಗೆ ಸಹಿ ಹಾಕಿ, ಬಸ್ಸು ಹತ್ತಿದರು. ಒಂದು ವಾರ ಕಾದ ಮುಂದೋಗಣ್ಣ ಅವರಿಗೆ ಒಡೆದ ಡ್ಯೂಟಿ ಹಾಕಿದರು. ಪಟ್ಟಿಯ ಮುಂದೆ ನಿಂತ ಹೆಂಗಸು “ಆಗ್ಲಿ” ಎಂದು ಹೊರಟುಹೋದರು. ಕ್ವಾರಿ ರೂಟು ಹಾಕಿದರು. “ಆಗ್ಲಿ.” ಹದಿನೈದೇ ದಿನದಲ್ಲಿ ಡಿಪೋದವರು ಅವರಿಗೆ ಆಗ್ಲಕ್ಕ ಎಂದು ಹೆಸರಿಟ್ಟರು.

ಒಂದು ತಿಂಗಳು ಕ್ವಾರಿಯಲ್ಲೇ ಇಟ್ಟರು. ಆಗ್ಲಕ್ಕ ತಲೆಗೊಂದು ಬಟ್ಟೆ ಕಟ್ಟಿಕೊಂಡು ಹೋಗಿ ಬಂದರು. ಹೆದರಿಕೆಗೆ ಬಗ್ಗದವರು ಉಪಕಾರಕ್ಕೆ ಬಗ್ಗಬಹುದು ಎಂದು ಮುಂದೋಗಣ್ಣ ಅವರನ್ನು ಆಸ್ಪತ್ರೆ ರೂಟಿಗೆ ಹಾಕಿದರು, ಜೊತೆಗೆ ಭಾನುವಾರದ ರಜೆ. ಬೇರೆ ಯಾರಾದರೂ ಆಗಿದ್ದರೆ ಬಾಳೆಗೊನೆಯನ್ನೇ ಹೊತ್ತು ತರುತ್ತಿದ್ದರು. ಆಗ್ಲಕ್ಕ ಪಟ್ಟಿ ನೋಡಿದರು. ಈ ಸಲ “ಆಗ್ಲಿ” ಎನ್ನುವುದಕ್ಕೆ ಒಂದು ಗಳಿಗೆ ತಡವಾಯಿತು. ಅಷ್ಟೆ.

ಮುಂದೋಗಣ್ಣನಿಗೆ ಅದು ತಲೆಗೆ ಹತ್ತಿತು. ನೂರಾ ಮೂವತ್ತೊಂಬತ್ತು ಜನ ಬೆರಳು ಆಡಿಸಿದಂತೆ ಆಡುತ್ತಿರುವಾಗ ಈ ಒಬ್ಬಾಕೆಗೆ ಏನೂ ಬೇಡವೆಂದರೆ ಏನರ್ಥ? ಬೇರೆಯವರ ನಗು ಅವರಿಗೆ ರುಚಿಸದಾಯಿತು. ಮಂಡಿಯ ಕಥೆಯನ್ನು ನಡುವೆಯೇ ನಿಲ್ಲಿಸಿಬಿಡುತ್ತಿದ್ದರು. ಕೇಳುವವರಿಗೆ ರಜೆ ಸಿಗುವುದೋ ಇಲ್ಲವೋ ಎಂಬ ಚಿಂತೆ. ಆಕೆಯ ಬಗ್ಗೆ ತಿಳಿದುಕೊಂಡು ಬಾ ಎಂದು ಮೀಸೆಯನ್ನು ಕಳಿಸಿದರು. ಮೀಸೆ ಮೂರು ದಿನ ಓಡಾಡಿ, “ಮಾತು ಕಡಿಮೆ ಅಣ್ಣ” ಎಂಬ ಸುದ್ದಿ ತಂದ. ಮನೆಯಲ್ಲಿ ಊಟಕ್ಕೆ ಕೂತಾಗಲೂ ಅದೇ ಮಾತು. ನಾಲ್ಕನೆಯ ದಿನ ಹೆಂಡತಿ ಕೈತೊಳೆದು ಬಂದು ಕೇಳಿದರಂತೆ:

“ಆ ಹೆಂಗಸಿಗೆ ಏನೂ ಬೇಡ ಅಂದ್ರೆ ನಿಮಗೇನ್ರೀ ಕಷ್ಟ?”

ಸಿಟ್ಟಿನಲ್ಲಿ ಮಾರನೆಯ ದಿನ ಆಗ್ಲಕ್ಕನನ್ನು ಮತ್ತೆ ಕ್ವಾರಿಗೆ ಹಾಕಿದರು, ಈ ಸಲ ಮೂರು ತಿಂಗಳಿಗೆ ಒಟ್ಟಿಗೆ.

“ಆಗ್ಲಿ,” ಎಂದರು ಆಗ್ಲಕ್ಕ. ಈ ಸಲ ತಡವಾಗಲಿಲ್ಲ.

ಕೊನೆಗೆ ಮುಂದೋಗಣ್ಣ ಒಂದು ದಿನ ರಜೆ ಹಾಕಿ, ಕೋಲು ಊರಿಕೊಂಡು, ತಾವೇ ಆ ಬಸ್ಸು ಹತ್ತಿದರು. ಆಕೆ ಹೇಗೆ ಕೆಲಸ ಮಾಡುತ್ತಾಳೆ ನೋಡಬೇಕು, ಏನಾದರೂ ತಪ್ಪು ಸಿಕ್ಕೀತು ಎಂದು ನನಗೆ ಹೇಳಿ ಹೋದರು. ಡ್ರೈವರ್ ಸೀಟಿನಲ್ಲಿ ಮಿಮಿಕ್ರಿ ಇದ್ದ. ಕನ್ನಡಿಯಲ್ಲಿ ಇವರನ್ನು ಕಂಡು ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿಕೊಂಡ.

ಬಸ್ಸಿನೊಳಗೆ ಅವರು ಮತ್ತೆ ಹಳೆಯ ಮನುಷ್ಯರೇ ಆದರು. ಕೈಯಲ್ಲಿ ಕೋಲಿದ್ದರೂ ಯಾರೂ ಸೀಟು ಬಿಡಲಿಲ್ಲ. ಹಿಂಬಾಗಿಲ ಹತ್ತಿರ ಕಂಬ ಹಿಡಿದು ನಿಂತರು. ಮಾರ್ಕೆಟ್ ಸ್ಟಾಪಿನಲ್ಲಿ ನಲವತ್ತು ಜನ ನುಗ್ಗಿದರು. ಒಳಗೆ ಜಾಗವಿತ್ತು, ಬಾಗಿಲಲ್ಲಿ ಉಸಿರಾಡಲೂ ಜಾಗವಿರಲಿಲ್ಲ. ಇನ್ನೇನು ಆಕೆ ಬೇಡಿಕೊಳ್ಳುತ್ತಾಳೆ ಎಂದು ಮುಂದೋಗಣ್ಣ ಕಿವಿ ನಿಮಿರಿಸಿದರು. ಆಗ್ಲಕ್ಕ ಸೀಟಿಯನ್ನು ಕೈಯಲ್ಲಿ ಹಿಡಿದುಕೊಂಡು, ಊದದೆ, ಎದುರಿನ ಅಂಗಡಿಯಲ್ಲಿ ತೂಗುಹಾಕಿದ್ದ ಬಕೆಟ್ಟುಗಳನ್ನು ನೋಡುತ್ತ ನಿಂತರು. ಒಂದು ನಿಮಿಷ ಹೋಯಿತು. ಎರಡು ನಿಮಿಷ ಹೋಯಿತು.

“ಯಾಕಮ್ಮ ಹೊರಡ್ತಿಲ್ಲ?” ಎಂದರು ಯಾರೋ.

“ಹೊರಡೋಣ,” ಎಂದರು ಆಗ್ಲಕ್ಕ, ಬಕೆಟ್ಟುಗಳಿಂದ ಕಣ್ಣು ತೆಗೆಯದೆ.

ಮೂರನೆಯ ನಿಮಿಷಕ್ಕೆ ಸೀಟಿನಲ್ಲಿ ಕೂತವರು ಬಾಗಿಲಲ್ಲಿ ನಿಂತವರನ್ನು ಬೈಯತೊಡಗಿದರು. “ಒಳಗೆ ಬಾರಯ್ಯ, ನಿನ್ನಿಂದ ಬಸ್ಸು ನಿಂತಿದೆ.” ಜನ ಸರಿದರು. ಒಬ್ಬರ ಹಿಂದೆ ಒಬ್ಬರು, ಗೊಣಗುತ್ತ, ಮುಂದೆ ಮುಂದೆ ಹೋದರು. ಬಾಗಿಲು ಖಾಲಿಯಾಯಿತು. ಆಗ ಆಗ್ಲಕ್ಕ ಸೀಟಿ ಊದಿದರು.

“ನಾನೂ ಹೋದೆ ಕಣ್ರೀ,” ಎಂದರು ಮುಂದೋಗಣ್ಣ ನನ್ನ ಹತ್ತಿರ. “ಯಾರೂ ತಳ್ಳಲಿಲ್ಲ. ನೋಡ್ತೀನಿ, ಡ್ರೈವರ್ ಹಿಂದೆ ನಿಂತಿದ್ದೀನಿ.”

ಹತ್ತೊಂಬತ್ತು ವರ್ಷ ಅವರು ಮೊದಲು ಸೀಟಿ ಊದಿ ಆಮೇಲೆ ಬೇಡಿಕೊಂಡಿದ್ದರು. ಈ ಮಾತನ್ನು ನನಗೆ ಹೇಳಿದ್ದೂ ಅವರೇ.

ಮಧ್ಯಾಹ್ನ ಬಸ್ಸು ಕ್ವಾರಿ ಮುಟ್ಟಿತು. ಅದೇ ಕೊನೆಯ ಸ್ಟಾಪು. ಅಲ್ಲಿ ಬಸ್ಸು ಇಪ್ಪತ್ತೈದು ನಿಮಿಷ ನಿಲ್ಲುತ್ತದೆ. ಆಗ್ಲಕ್ಕ ಡಬ್ಬಿಯ ಚೀಲ ಹಿಡಿದು ಇಳಿದು, ಲಾರಿ ತೂಗುವ ಕಟ್ಟೆಯ ನೆರಳಿಗೆ ನಡೆದರು. ಅಲ್ಲಿ ತಲೆಯಿಂದ ಕಾಲಿನವರೆಗೆ ಕಲ್ಲಿನ ಪುಡಿ ಮೆತ್ತಿಕೊಂಡ ಗಂಡಸೊಬ್ಬ ಕಾಯುತ್ತಿದ್ದ. ಕೈ ತೊಳೆದದ್ದರಿಂದ ಮೊಣಕೈಯಿಂದ ಕೆಳಗೆ ಮಾತ್ರ ಮನುಷ್ಯನ ಬಣ್ಣ. ಇಬ್ಬರೂ ಎದುರುಬದುರು ಕೂತು ಡಬ್ಬಿ ಬಿಚ್ಚಿದರು. ಹೆಚ್ಚು ಮಾತಾಡಿದಂತೆ ಕಾಣಲಿಲ್ಲ. ಒಮ್ಮೆ ಆಕೆ ಕೈಚಾಚಿ ಅವನ ಹುಬ್ಬಿನ ಪುಡಿ ಒರೆಸಿದರು, ಕಿಟಕಿಯ ಗಾಜು ಒರೆಸಿದ ಹಾಗೆ.

ಮಿಮಿಕ್ರಿ ಕೆಮ್ಮುತ್ತ ಇಳಿದು ಬಂದು ಮುಂದೋಗಣ್ಣನ ಮೊಣಕೈ ಹಿಡಿದು ಇಳಿಸಿದ.

“ಅಣ್ಣಾ, ಕಾಲು ಹೇಗಿದೆ?” ಕೆಮ್ಮು ಅವನ ಮಾತನ್ನು ಎರಡು ತುಂಡು ಮಾಡಿತು.

“ಅದು ಯಾರು?”

“ಆಗ್ಲಕ್ಕನ ಯಜಮಾನ್ರು. ಕ್ರಷರ್ ಮೇಲೆ ಕೆಲಸ, ಇಲ್ಲೇ ಶೆಡ್ಡಿನಲ್ಲಿ ಇರೋದು. ಮನೆಗೆ ಹೋಗೋದು ತಿಂಗಳಿಗೆ ಎರಡು ಸಲ. ಈ ರೂಟು ಬಿದ್ದಾಗಿಂದ ದಿನಾ ಒಟ್ಟಿಗೆ ಊಟ.”

ತಾನು ಏನನ್ನು ಯಾರ ಕೈಗೆ ಕೊಟ್ಟೆ ಎಂದು ಮಿಮಿಕ್ರಿಗೆ ಗೊತ್ತಾಗಲಿಲ್ಲ. ಮುಂದೋಗಣ್ಣನಿಗೆ ಗೊತ್ತಾಯಿತು. ತಿಂಗಳುಗಟ್ಟಲೆ ಹುಡುಕಿದ ಜುಟ್ಟು ಅದು. ಹಾಗೆಯೇ ಇನ್ನೊಂದೂ ಗೊತ್ತಾಯಿತು: ಶಿಕ್ಷೆಯೆಂದು ತಾವು ಕೊಟ್ಟದ್ದೇ ಆಕೆಗೆ ಬೇಕಾದದ್ದು. ಮೂರು ತಿಂಗಳ ಕ್ವಾರಿಯನ್ನು ಆಕೆ ಬಾಯಿ ಬಿಡದೆ ಇವರ ಕೈಯಿಂದ ಬರೆಸಿಕೊಂಡಿದ್ದರು.

ಕಟ್ಟೆಯ ನೆರಳಿನಿಂದ ಆಗ್ಲಕ್ಕ ಇವರನ್ನು ನೋಡಿದರು. ಡಬ್ಬಿಯ ಮುಚ್ಚಳ ಹಾಕಿದರು. ಡಿಪೋಗೆ ಬಂದ ಮೇಲೆ ಆಗ್ಲಕ್ಕ ಮೊದಲ ಸಲ ಡ್ಯೂಟಿ ಕಿಟಕಿಗೆ ಬಂದರು. ರಜೆಯಾದರೂ ಮುಂದೋಗಣ್ಣ ಒಳಗೆ ಹೋಗಿ ಕುರ್ಚಿಯಲ್ಲಿ ಕೂತಿದ್ದರು. ನಾನು ಹಲಗೆಯ ಹತ್ತಿರವಿದ್ದೆ.

“ನೋಡಿದ್ರಿ,” ಎಂದರು ಆಗ್ಲಕ್ಕ.

“ನೋಡಿದೆ. ಮೊದಲೇ ಹೇಳ್ಬಹುದಿತ್ತಲ್ಲ.”

“ಹಿಂದಿನ ಡಿಪೋದಲ್ಲಿ ಹೇಳಿದ್ದೆ ಸರ್. ನನಗೆ ಏನು ಬೇಕು ಅಂತ ಅಲ್ಲಿನ ಗುಮಾಸ್ತರಿಗೆ ಗೊತ್ತಾಯ್ತು. ಹನ್ನೊಂದು ವರ್ಷ ಅವರ ತಮಾಷೆಗೆ ನಕ್ಕಿದ್ದೀನಿ.” ಡಬ್ಬಿಯ ಚೀಲವನ್ನು ಹೆಗಲಿಗೇರಿಸಿ, “ಇನ್ನು ನಿಮ್ಮ ಕೈಲಿದೆ,” ಎಂದರು.

ಮುಂದೋಗಣ್ಣ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ, ರೂಢಿಯ ಬಲದಿಂದ, “ನೋಡೋಣ” ಎಂದುಬಿಟ್ಟರು.

ಆಗ್ಲಕ್ಕ ತಲೆಯಾಡಿಸಿ ಹೋದರು. ಮಾರನೆಯ ದಿನ ಬೆಳಿಗ್ಗೆ, ಡ್ಯೂಟಿಗೆ ಹೋಗುವ ಮುಂಚೆ, ಮತ್ತೆ ಕಿಟಕಿಯಲ್ಲಿ ಕಾಣಿಸಿಕೊಂಡರು. ಮುಖದಲ್ಲಿ ಒಂದು ನಗು ಇತ್ತು, ಯಾರಿಂದಲೋ ಎರವಲು ತಂದ ಹಾಗೆ.

“ಸರ್,” ಎಂದರು, “ಕಾಲು ಹೇಗಿದೆ?”

ಆ ಮಾತು ಆಕೆಯ ಬಾಯಿಂದ ಬರಲೆಂದು ಮುಂದೋಗಣ್ಣ ತಿಂಗಳುಗಟ್ಟಲೆ ಕಾದಿದ್ದರು. ಈಗ ಕೇಳಿದಾಗ ಅವರ ಮುಖ ಹೇಗಾಯಿತೆಂದರೆ, ನಾನು ತೂತಿನಿಂದ ಕಣ್ಣು ತೆಗೆದುಬಿಟ್ಟೆ.

ಆ ದಿನ ಮುಂದೋಗಣ್ಣ ಕಿಟಕಿ ಮುಚ್ಚಿ ಕೂತರು. ಮಾರನೆಯ ದಿನ ಒಬ್ಬೊಬ್ಬರಿಗೂ ಒಂದೊಂದು ಚೀಟಿ ಹಂಚಿದರು: ಯಾವ ರೂಟು ಬೇಕು, ಯಾವುದು ಬೇಡವೇ ಬೇಡ, ಬರೆದು ಡಬ್ಬಕ್ಕೆ ಹಾಕಿ. ನೂರಾ ನಲವತ್ತು ಚೀಟಿಗಳಲ್ಲಿ ಕ್ವಾರಿ ಬೇಕೆಂದು ಬರೆದದ್ದು ಒಂದೇ. ಆ ಕಂಡಕ್ಟರ್ ಜಾಗ ಆಗ್ಲಕ್ಕನಿಗೆ ಖಾಯಂ ಆಯಿತು. ಉಳಿದ ಎಲ್ಲವೂ ಸರದಿ ಪ್ರಕಾರ, ಯಾರಿಗೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಇಡೀ ವರ್ಷದ ಪಟ್ಟಿಯನ್ನು ಹನ್ನೆರಡು ದಿನ ಕೂತು ಪೆನ್ಸಿಲ್ ಬಿಟ್ಟು ಇಂಕಿನಲ್ಲಿ ಬರೆದರು. ಮಿಮಿಕ್ರಿಗೆ ಮೊದಲ ಎರಡು ತಿಂಗಳು ಆಸ್ಪತ್ರೆ ರೂಟು. ಅಲ್ಲೇ ಎದೆಯನ್ನೂ ತೋರಿಸಿಕೊಳ್ಳಲಿ ಎಂದರು. ಮ್ಯಾನೇಜರ್ ಸಹಿ ಹಾಕಿದರು. ಮುಂದೋಗಣ್ಣ ಬರೆದದ್ದಕ್ಕೆಲ್ಲ ಅವರು ಸಹಿ ಹಾಕುತ್ತಿದ್ದರು.

ಡಿಪೋ ಸಂತೋಷಪಡುತ್ತದೆ ಎಂದು ನಾನು ಅಂದುಕೊಂಡಿದ್ದೆ. ಒಂದು ವಾರ ಎಲ್ಲರೂ ಮುನಿಸಿಕೊಂಡರು. ಯೂನಿಯನ್ನಿನ ಕಾರ್ಯದರ್ಶಿ ಬಂದು, “ಇದರಲ್ಲಿ ಹೋಗಿ ಹೇಳ್ಕೊಳ್ಳೋಕೆ ಜಾಗಾನೇ ಇಲ್ವಲ್ಲಣ್ಣ,” ಎಂದ.

“ಇಲ್ಲ,” ಎಂದರು ಮುಂದೋಗಣ್ಣ.

ಎರಡನೆಯ ವಾರಕ್ಕೆ ಕಾರ್ಯದರ್ಶಿಯ ದನಿ ಮೊದಲಿನಷ್ಟು ದಪ್ಪವಾಯಿತು. ಬಾಳೆಹಣ್ಣು ನಿಂತಿತು. ಬೆಂಚು ತಾನಾಗಿ ಬೇವಿನ ಮರದ ಕೆಳಗೆ ಹೋಯಿತು. ಒಂದು ದಿನ ಮೀಸೆ ಪಟ್ಟಿ ನೋಡಲು ಬಂದಾಗ ಇವರು ಆ ಕೆಟ್ಟು ನಿಂತ ಬಸ್ಸಿನ ತಮಾಷೆ ಹೇಳಿದರು. “ಹೇಳಿದ್ರಿ ಅಣ್ಣ, ಮುಂಚೇನೇ,” ಎಂದು ಅವನು ಹೊರಟುಹೋದ. ಆಗ್ಲಕ್ಕ ಮತ್ತೆ ಕಿಟಕಿಗೆ ಬರಲಿಲ್ಲ. ಎದುರಿಗೆ ಸಿಕ್ಕರೆ ತಲೆಯಾಡಿಸುತ್ತಿದ್ದರು, ಮುಖದಲ್ಲಿ ನಗುವಿಲ್ಲದೆ. ಮುಂದೋಗಣ್ಣನೂ ಹಾಗೆಯೇ ತಲೆಯಾಡಿಸುತ್ತಿದ್ದರು. ಅದರಿಂದ ಅವರಿಗೆ ಸಮಾಧಾನವಾಗುತ್ತಿತ್ತೆಂದು ನನ್ನ ಅಂದಾಜು, ಕೇಳಿದವನಲ್ಲ.

ವರ್ಷದ ಕೊನೆಗೆ ಮ್ಯಾನೇಜರ್ ಕರೆಸಿ, ಡ್ಯೂಟಿ ಪಟ್ಟಿಯ ತಂಟೆಯೇ ಮುಗಿಯಿತಲ್ಲ, ಇನ್ನು ರಜೆ ಅರ್ಜಿಗಳನ್ನೂ ನೀವೇ ನೋಡಿಕೊಳ್ಳಿ ಎಂದರು. ಮದುವೆ, ಸಾವು, ಬಾಣಂತನ, ಬೆನ್ನುನೋವು, ಇಡೀ ಡಿಪೋದ ಬದುಕು ಆ ಫೈಲಿನಲ್ಲಿ. ಮುಂದೋಗಣ್ಣ ಅದನ್ನು ಕೈಯಲ್ಲಿ ತೂಗಿ ನೋಡಿದರು. ಒಂದು ದಿನ ಸಮಯ ಕೇಳಿ, ಮನೆಯಲ್ಲಿ ಹೇಳಿದರು. ಮಗಳು ತಗೊಳ್ಳಪ್ಪ ಎಂದಳು. ಅತ್ತೆಯೂ ತಗೊಳ್ಳಿ ಎಂದರು.

“ನಿಮಗೆ ಹೇಗನ್ಸುತ್ತೆ?” ಎಂದು ಹೆಂಡತಿ ಕೇಳಿದರಂತೆ. ಮದುವೆಯಾಗಿ ಇಪ್ಪತ್ಮೂರು ವರ್ಷದಲ್ಲಿ ಈ ಪ್ರಶ್ನೆ ಬಂದದ್ದು ಅದೇ ಮೊದಲು. “ಬೇಡ ಅನ್ಸುತ್ತೆ,” ಎಂದರು ಮುಂದೋಗಣ್ಣ.

ಅವರು ಕೇಳಿ ಹಾಕಿಸಿಕೊಂಡದ್ದು ಬಸ್ ನಿಲ್ದಾಣದ ವಿಚಾರಣೆ ಕೌಂಟರಿಗೆ. ಅಲ್ಲಿಯೂ ಕುರ್ಚಿ ಇದೆ, ಕಿಟಕಿ ಇದೆ. ಯಾವ ಬಸ್ಸು ಎಷ್ಟು ಹೊತ್ತಿಗೆ, ಯಾವ ಜಾಗದಲ್ಲಿ ನಿಲ್ಲುತ್ತದೆ ಎಂದು ಜನ ಕೇಳುತ್ತಾರೆ, ಅವರು ಹೇಳುತ್ತಾರೆ. ಹೋದ ವಾರ ನಾನು ಹೋದಾಗ ಒಬ್ಬ ಮುದುಕಿ ಕೇಳಿದಳು. ಹತ್ತು ನಿಮಿಷದಲ್ಲಿ ಬರುತ್ತೆ, ಮೂರನೇ ಕಂಬದ ಹತ್ತಿರ ನಿಂತಿರಿ ಎಂದರು. ಮುದುಕಿ ನಾಲ್ಕು ಹೆಜ್ಜೆ ಹೋಗಿ, ಕಡಲೆಕಾಯಿ ಮಾರುವವನನ್ನು ಅದೇ ಪ್ರಶ್ನೆ ಕೇಳಿದಳು. ಅವನೂ ಅದನ್ನೇ ಹೇಳಿದ ಮೇಲೆ ಮೂರನೇ ಕಂಬದ ಹತ್ತಿರ ಹೋಗಿ ನಿಂತಳು. ಮುಂದೋಗಣ್ಣ ಅದನ್ನು ನೋಡಿದರು. ಆಮೇಲೆ ಸಾಲಿನಲ್ಲಿ ಮುಂದಿದ್ದವನ ಕಡೆ ತಿರುಗಿ, “ಎಲ್ಲಿಗಪ್ಪ?” ಎಂದರು.